ಒಂದೇ ದಿನದಲ್ಲಿ ಕಟ್ಟಿ ಆಡಿದ ಕಿರುನಾಟಕಗಳು : ಅವುಗಳ ರಚನೆ ಮತ್ತು ಇತಿಹಾಸಮೌಲ್ಯ

೧. ವಿಷಯಪ್ರವೇಶ

ಬೆಳಗ್ಗೆ ಇಲ್ಲದಿದ್ದ ನಾಟಕವೊಂದು ಅದೇ ದಿನ ರಾತ್ರಿ ಜನರ ಮುಂದೆ ಆಡಿ ಮುಗಿಯುವುದು ಸಾಧ್ಯವೆ? ಸಾಧ್ಯವಾದರೆ, ಅಂಥ ನಾಟಕದಲ್ಲಿ ವಿದ್ವಾಂಸರ ಗಮನಕ್ಕೆ ಅರ್ಹವಾದ ಅಂಶವೇನಾದರೂ ಇರಬಲ್ಲುದೆ? ಈ ಎರಡು ಪ್ರಶ್ನೆಗಳನ್ನು ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ. ಮೊದಲನೆಯದು ರಂಗಭೂಮಿಗೆ ಸಂಬಂಧಿಸಿದ ಪ್ರಶ್ನೆ. ಎರಡನೆಯದು ಇತಿಹಾಸದ ಅಭ್ಯಾಸಿಯ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಹೇಳದೆ ಎರಡನೆಯದನ್ನು ಮುಟ್ಟಲಾಗದು.

ಒಂದು ದಿನದ ಅವಧಿಯಲ್ಲಿ ಹಲವು ಕಿರುನಾಟಕಗಳನ್ನು ರಚಿಸಿ, ತಾಲೀಮು ನಡೆಸಿ, ಒಂದೇ ಸಂಜೆ ಸಾಲಾಗಿ ಆಡಿಬಿಡುವ ಪದ್ಧತಿಗೆ ಈಚಿನ ಕಾಲದಲ್ಲಿ ಒಂದು ನಿಯತವಾದ ರೂಪ ದೊರೆತಿದೆ. ೧೯೯೫ರಲ್ಲಿ ಟೀನಾ ಫಾಲನ್ ಎಂಬಾಕೆ ನ್ಯೂಯಾರ್ಕ್ ನಗರದಲ್ಲಿ ‘ಇಪ್ಪತ್ತುನಾಲ್ಕು ಗಂಟೆಯ ನಾಟಕಗಳು’ ಎಂಬ ಅರ್ಥದ ಹೆಸರಿನಿಂದ ಇದನ್ನು ಆರಂಭಿಸಿದರು. ಅದರ ಕ್ರಮ ಸರಳವಾದುದು. ಹಿಂದಿನ ರಾತ್ರಿ ಲೇಖಕರೂ ನಿರ್ದೇಶಕರೂ ನಟರೂ ಒಂದೆಡೆ ಕೂಡುತ್ತಾರೆ. ನಟರು ತಮ್ಮೊಡನೆ ಒಂದು ವಸ್ತುವನ್ನೂ ಒಂದು ಉಡುಪನ್ನೂ ತಂದಿರುತ್ತಾರೆ. ಇವನ್ನು ಕಂಡು ಲೇಖಕರು ರಾತ್ರಿಯಲ್ಲೇ ಸುಮಾರು ಹತ್ತು ನಿಮಿಷದ ನಾಟಕಗಳನ್ನು ಬರೆದು ಮುಗಿಸುತ್ತಾರೆ. ಬೆಳಗ್ಗೆ ಅವು ನಿರ್ದೇಶಕರ ಕೈಸೇರುತ್ತವೆ, ಹಗಲೆಲ್ಲ ತಾಲೀಮು ನಡೆಯುತ್ತದೆ, ಸಂಜೆ ಪ್ರದರ್ಶನವಾಗುತ್ತದೆ. ರಾತ್ರಿ ಲೇಖಕನದು, ಹಗಲು ನಿರ್ದೇಶಕ ನಟರದು, ಸಂಜೆ ಪ್ರೇಕ್ಷಕರದು ಎಂದು ಕಾಲವನ್ನು ಕಸುಬಿಗೆ ತಕ್ಕಂತೆ ಹಂಚಿರುವುದು ಇದರ ವೈಶಿಷ್ಟ್ಯ.

ಇದು ಪರದೇಶದ ಹೊಸತನವೆಂದು ನಮ್ಮಲ್ಲಿ ಕೆಲವರು ಭಾವಿಸುವುದುಂಟು. ಇನ್ನು ಕೆಲವರು ಇದನ್ನು ಹುಡುಗರ ವಿನೋದವೆಂದು ತಳ್ಳಿಹಾಕುವುದೂ ಉಂಟು. ಈ ಎರಡು ಅಭಿಪ್ರಾಯಗಳೂ ಪೂರ್ತಿ ಸರಿಯಲ್ಲವೆಂದು ತೋರುತ್ತದೆ. ಒಂದು ದಿನದಲ್ಲಿ ಕಟ್ಟಿದ ನಾಟಕವು ನಿಜವಾಗಿ ಒಂದು ದಿನದಲ್ಲಿ ಹುಟ್ಟಿದುದಲ್ಲ. ಆಡುವವರಿಗೂ ನೋಡುವವರಿಗೂ ಸಮಾನವಾಗಿ ತಿಳಿದಿರುವ ಒಂದು ಸಂಗ್ರಹವು ಅದರ ಹಿಂದೆ ಇರಲೇಬೇಕು. ಅಲ್ಲದೆ, ಅದು ಪೂರ್ತಿಯಾಗಿ ಮುಗಿಯದ ರಚನೆಯಾದುದರಿಂದಲೇ ನೋಡುವವರು ಅದನ್ನು ತಿದ್ದುವುದಕ್ಕೆ ಎಡೆಯಿರುತ್ತದೆ. ಆ ತಿದ್ದುಪಡಿಗಳಲ್ಲಿ ಊರಿನ ನೆನಪು ಹೊರಬೀಳುತ್ತದೆ. ಮುಂದಿನ ಪುಟಗಳಲ್ಲಿ ಇದನ್ನು ವಿವರಿಸಲು ಪ್ರಯತ್ನಿಸಿದೆ.

೨. ನಮ್ಮ ಪರಂಪರೆಯಲ್ಲಿ ಇದರ ಪೂರ್ವರೂಪಗಳು

ಕಿರುನಾಟಕವು ನಮಗೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರವು ಹೇಳುವ ಹತ್ತು ರೂಪಕಗಳಲ್ಲಿ ಭಾಣ, ವೀಥಿ, ವ್ಯಾಯೋಗ ಮೊದಲಾದುವು ಒಂದೇ ಅಂಕದವು. ಭಾಣದಲ್ಲಿ ಒಬ್ಬನೇ ನಟನು ಆಕಾಶದತ್ತ ಮುಖಮಾಡಿ, ಕಾಣದವರೊಡನೆ ಮಾತನಾಡಿ, ಇಡೀ ಕಥೆಯನ್ನು ನಡೆಸುತ್ತಾನೆ. ವೀಥಿಯಲ್ಲಿ ಒಬ್ಬಿಬ್ಬರೇ ಪಾತ್ರಧಾರಿಗಳು. ಅಲ್ಲಿ ಮುಖ್ಯವಾದುದು ಉತ್ತರ ಪ್ರತ್ಯುತ್ತರಗಳ ಚಾತುರ್ಯ. ವ್ಯಾಯೋಗದ ಕಥೆಯು ಒಂದೇ ದಿನದಲ್ಲಿ ನಡೆದು ಮುಗಿಯತಕ್ಕದ್ದೆಂದು ನಿಯಮವಿದೆ. ಆದರೆ ಕಥೆಯು ಒಂದು ದಿನದಲ್ಲಿ ನಡೆಯುವುದು ಬೇರೆ, ನಾಟಕವು ಒಂದು ದಿನದಲ್ಲಿ ತಯಾರಾಗುವುದು ಬೇರೆ ಎಂಬುದನ್ನು ಇಲ್ಲಿ ಮರೆಯಬಾರದು. ಶಾಸ್ತ್ರದ ಈ ರೂಪಕಗಳು ಕಿರಿದಾಗಿ ಹೇಳುವ ಕಲೆಗೆ ನಿದರ್ಶನವಾಗುತ್ತವೆಯೇ ಹೊರತು ಆಶುರಚನೆಗೆ ಅಲ್ಲ.

ಆಶುರಚನೆಗೆ ನಿಜವಾದ ನಿದರ್ಶನ ಬೇಕಾದರೆ ಕರಾವಳಿಯ ಯಕ್ಷಗಾನವನ್ನು ನೋಡಬೇಕು. ಹರಕೆಯ ಆಟವನ್ನು ಆಡಿಸುವ ಮನೆಯವರು ತಮಗೆ ಬೇಕಾದ ಪ್ರಸಂಗವನ್ನು ಸೂಚಿಸುತ್ತಾರೆ. ಯಾರಿಗೆ ಯಾವ ವೇಷವೆಂಬುದು ಮೇಳದೊಳಗೆ ತೀರ್ಮಾನವಾಗುತ್ತದೆ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಲೇ ವೇಷಧಾರಿಗಳು ಅಂದಿನ ನಡೆಯನ್ನು ಮಾತಾಡಿಕೊಳ್ಳುತ್ತಾರೆ. ಆಧುನಿಕ ನಾಟಕಕ್ಕಿರುವಂತೆ ಅದಕ್ಕೆ ತಿಂಗಳ ತಾಲೀಮು ಇಲ್ಲ. ಬರೆದಿಟ್ಟ ಸಂಭಾಷಣೆಯೂ ಇಲ್ಲ. ಇರುವುದು ಪ್ರಸಂಗದ ಪದ್ಯಗಳು ಮಾತ್ರ. ಭಾಗವತನು ಪದ್ಯವನ್ನು ಹಾಡುತ್ತಾನೆ. ವೇಷಧಾರಿಯು ಅದಕ್ಕೆ ಅರ್ಥ ಹೇಳುತ್ತಾನೆ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳ ಪದ್ಯಗಳು ಬಹುಕಾಲದಿಂದ ಅವೇ ಆಗಿದ್ದರೂ, ಅವುಗಳಿಗೆ ಹೇಳುವ ಅರ್ಥವು ರಾತ್ರಿಯಿಂದ ರಾತ್ರಿಗೆ, ಕಲಾವಿದನಿಂದ ಕಲಾವಿದನಿಗೆ ಬೇರೆಯಾಗುತ್ತ ಬಂದಿದೆ.

ತಾಳಮದ್ದಳೆಯಲ್ಲಿ ಈ ಗುಣವು ಇನ್ನೂ ಸ್ಫುಟವಾಗಿ ಕಾಣುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ; ಕುಳಿತಲ್ಲೇ ವಾದವು ನಡೆಯುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಎದುರಾಳಿಯ ಒಂದು ಮಾತನ್ನು ಹಿಡಿದು, ಮುಂದಿನ ಘಳಿಗೆಯ ನಾಟಕವನ್ನು ಅಲ್ಲಿಯೇ ಕಟ್ಟುತ್ತಿದ್ದರೆಂಬುದು ಕೇಳಿದವರೆಲ್ಲ ಬಲ್ಲ ಸಂಗತಿ. ಈ ಕಲೆ ಎಷ್ಟು ಹಳೆಯದೆಂಬುದಕ್ಕೆ ಬಳ್ಳಾರಿ ಸೀಮೆಯ ಕುರುಗೋಡಿನ ೧೫೫೬ರ ಶಾಸನವನ್ನು ವಿದ್ವಾಂಸರು ಆಧಾರವಾಗಿ ಹೇಳುತ್ತಾರೆ. ಅದರಲ್ಲಿ ತಾಳಮದ್ದಳೆಯವರಿಗೆ ಭೂಮಿಯನ್ನು ದಾನಕೊಟ್ಟ ಉಲ್ಲೇಖವಿದೆ. ಶಾಸನದಲ್ಲಿ ದಾನದ ಭೂಮಿಯ ಸಂಗತಿ ಉಳಿದಿದೆ. ಆ ಕಲಾವಿದರು ಹೇಳಿದ ಅರ್ಥದ ಒಂದು ಮಾತೂ ಉಳಿದಿಲ್ಲ. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಮುಂದೆ ಇದರಿಂದ ಪ್ರಯೋಜನವಿದೆ.

ನಮ್ಮ ಸೀಮೆಯ ಮೂಡಲಪಾಯದ ಕ್ರಮ ಇದಕ್ಕಿಂತ ಭಿನ್ನವಾದುದು. ನಾಗಮಂಗಲದ ಕಡೆಯವರಾದ ಜೀ.ಶಂ. ಪರಮಶಿವಯ್ಯನವರು ಈ ಕಲೆಯ ಅಧ್ಯಯನಕ್ಕೂ ಪುನರುಜ್ಜೀವನಕ್ಕೂ ಬಹಳವಾಗಿ ಶ್ರಮಿಸಿದರು. ಇದರಲ್ಲಿ ಪದ್ಯವನ್ನೂ ಮಾತನ್ನೂ ಕುಣಿತವನ್ನೂ ಹಳ್ಳಿಯ ತರುಣರು ಭಾಗವತರ ಬಳಿ ದೀರ್ಘಕಾಲ ಕಲಿಯುತ್ತಾರೆ. ಆದರೆ ಅಲ್ಲಿಯೂ ಸಾರಥಿಯ ಮತ್ತು ಕೋಡಂಗಿಯ ಮಾತುಗಳಿಗೆ ಸಡಿಲವುಂಟು. ರಾಜನೋ ರಾಕ್ಷಸನೋ ರಂಗಕ್ಕೆ ಬಂದಾಗ ‘ತಾವು ಯಾರು, ಯಾವ ಊರು’ ಎಂದು ವಿಚಾರಿಸುವ ಸಾರಥಿಯು, ಅಂದಿನ ಊರಿನ ಸುದ್ದಿಯನ್ನು ನಡುವೆ ಸೇರಿಸಿ ಜನರನ್ನು ನಗಿಸಬಲ್ಲನು. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ಪ್ರೀತಿಯಿಂದ ಆಡುವ ಕುರುಕ್ಷೇತ್ರವೇ ಮೊದಲಾದ ಪೌರಾಣಿಕ ನಾಟಕಗಳಂತೂ ಪೂರ್ಣವಾಗಿ ತಾಲೀಮಿನ ಫಲ. ಹಾರ್ಮೋನಿಯಂ ಮೇಷ್ಟರನ್ನು ಗೊತ್ತುಮಾಡಿ, ಪಾತ್ರಕ್ಕೆ ಇಷ್ಟೆಂದು ಹಣ ಹಾಕಿಕೊಂಡು, ದುಡಿಮೆ ಮುಗಿದ ಮೇಲೆ ರಾತ್ರಿಗಳಲ್ಲಿ ತಿಂಗಳುಗಟ್ಟಲೆ ಕಂದಗಳನ್ನೂ ಮಾತುಗಳನ್ನೂ ಬಾಯಿಪಾಠ ಮಾಡುತ್ತಾರೆ. ಭೀಮನ ಮಾತಿನಲ್ಲಿ ಒಂದು ಪದ ತಪ್ಪಿದರೆ ಮುಂದಿನ ಸಾಲಿನಲ್ಲಿ ಕುಳಿತ ಮುದುಕರು ಅದನ್ನು ಎತ್ತಿಹೇಳುವುದುಂಟು. ಇಲ್ಲಿ ಪ್ರೇಕ್ಷಕನು ಕಾವಲುಗಾರ. ಇದ್ದುದು ಇದ್ದಂತೆ ಬರಬೇಕೆಂಬುದು ಅವನ ಅಪೇಕ್ಷೆ.

ಈ ನಿದರ್ಶನಗಳಿಂದ ಆಶುನಾಟಕಕ್ಕೆ ಬೇಕಾದ ಆಧಾರಗಳು ಯಾವುವೆಂಬುದನ್ನು ತಿಳಿಯಬಹುದು. ಅವು ನಾಲ್ಕು: ಎಲ್ಲರಿಗೂ ಗೊತ್ತಿರುವ ಕಥೆ, ಕಥೆಯನ್ನು ಅಲ್ಲಲ್ಲಿ ಬಿಗಿದು ನಿಲ್ಲಿಸುವ ಗಂಟುಗಳು (ಯಕ್ಷಗಾನದಲ್ಲಿ ಪದ್ಯಗಳೇ ಈ ಗಂಟುಗಳು), ಕಂಡೊಡನೆ ಗುರುತು ಹತ್ತುವ ಪಾತ್ರಗಳು, ಮತ್ತು ಇವನ್ನೆಲ್ಲ ಬಲ್ಲ ಪ್ರೇಕ್ಷಕರು. ಇಟಲಿಯಲ್ಲಿ ಹದಿನಾರನೆಯ ಶತಮಾನದಲ್ಲಿ ಬೆಳೆದ ‘ಕೊಮೆಡಿಯಾ ದೆಲ್ಲಾರ್ತೆ’ ಎಂಬ ವೃತ್ತಿರಂಗಭೂಮಿಯೂ ಇವೇ ಆಧಾರಗಳ ಮೇಲೆ ನಿಂತಿತ್ತು. ಕಥೆಯ ಹಂದರವನ್ನು ಮಾತ್ರ ಬರೆದಿಟ್ಟುಕೊಂಡು, ಜಿಪುಣ ಮುದುಕ, ಬಾಯಿಬಡುಕ ಪಂಡಿತ, ಹಸಿದ ಆಳು ಮುಂತಾದ ನಿಯತ ಪಾತ್ರಗಳು ಮಾತನ್ನು ರಂಗದ ಮೇಲೆಯೇ ಕಲ್ಪಿಸುತ್ತಿದ್ದುವು. ದೇಶ ಬೇರೆಯಾದರೂ ಉಪಾಯ ಒಂದೇ.

೩. ಅಕ್ಕಿಹೆಬ್ಬಾಳಿನ ಒಂದು ಸಂಜೆ

ಮೇಲೆ ಹೇಳಿದ ನಾಲ್ಕು ಆಧಾರಗಳಲ್ಲಿ ಮೊದಲನೆಯದಾದ ಪುರಾಣಕಥೆಯನ್ನು ಬಿಟ್ಟು, ಅದರ ಸ್ಥಾನದಲ್ಲಿ ಊರಿನ ಅನುಭವವನ್ನೇ ಇಟ್ಟರೆ ಏನಾಗುತ್ತದೆ? ಇದನ್ನು ಪ್ರತ್ಯಕ್ಷವಾಗಿ ಕಾಣುವ ಅವಕಾಶ ನನಗೆ ಅಕ್ಕಿಹೆಬ್ಬಾಳಿನಲ್ಲಿ ದೊರೆಯಿತು.

ಅಕ್ಕಿಹೆಬ್ಬಾಳು ಕೃಷ್ಣರಾಜಪೇಟೆ ತಾಲ್ಲೂಕಿನ ಗ್ರಾಮ. ಹೇಮಾವತಿ ನದಿಯ ದಡದಲ್ಲಿದೆ. ಮೈಸೂರು ಹಾಸನಗಳ ನಡುವಣ ರೈಲುಮಾರ್ಗದಲ್ಲಿ ಒಂದು ನಿಲ್ದಾಣ. ಇಲ್ಲಿಂದ ಕೆಳಗೆ ಹರಿದ ಹೇಮಾವತಿಯು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಕೆಲವು ವರ್ಷಗಳ ಹಿಂದೆ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ವಿಶೇಷ ಶಿಬಿರಕ್ಕೆ ವಿದ್ಯಾರ್ಥಿಗಳನ್ನು ಕರೆದುಕೊಂಡು ನಾನು ಅಲ್ಲಿಗೆ ಹೋಗಿದ್ದೆ. ೧೯೬೯ರಲ್ಲಿ, ಗಾಂಧೀ ಜನ್ಮಶತಾಬ್ದಿಯ ವರ್ಷ, ಆರಂಭವಾದ ಈ ಯೋಜನೆಯ ಶಿಬಿರಗಳಲ್ಲಿ ಹಗಲು ಶ್ರಮದಾನ, ಸಂಜೆ ಊರವರ ಮುಂದೆ ಸಾಂಸ್ಕೃತಿಕ ಕಾರ್ಯಕ್ರಮ ಎಂಬುದು ರೂಢಿ. ಆ ಕಾರ್ಯಕ್ರಮದಲ್ಲಿ ಪ್ರಹಸನಗಳು ಇದ್ದೇ ಇರುತ್ತವೆ. ವೇದಿಕೆ, ಪರದೆ, ದೀಪಗಳ ಹಂಗಿಲ್ಲದೆ ಜನರ ನಡುವೆ ನಿಂತು ಆಡುವ ಬೀದಿನಾಟಕದ ಪದ್ಧತಿಯೂ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ೧೯೭೫ರಲ್ಲಿ ಆರಂಭವಾದ ‘ಸಮುದಾಯ’ ತಂಡವು ೧೯೭೯ರ ಜಾಥಾದ ಮೂಲಕ ಅದನ್ನು ನಾಡಿನ ಊರೂರಿಗೆ ಒಯ್ದಿತ್ತು.

ಶಿಬಿರದ ಐದನೆಯ ದಿನ ನಾವು ಒಂದು ಪ್ರಯೋಗಕ್ಕೆ ಕೈಹಾಕಿದೆವು. ವಿದ್ಯಾರ್ಥಿಗಳನ್ನು ಐದು ಗುಂಪುಗಳಾಗಿ ವಿಂಗಡಿಸಿ ಅವರಿಗೆ ನಾಲ್ಕು ನಿಯಮಗಳನ್ನು ಹಾಕಿದೆವು. ನಾಟಕವು ಹತ್ತು ನಿಮಿಷವನ್ನು ಮೀರಕೂಡದು. ಅದರ ವಸ್ತುವನ್ನು ಅಂದು ಬೆಳಗ್ಗೆ ಊರಿನೊಳಗೆ ತಿರುಗಾಡಿ ತಂದಿರಬೇಕು. ರಂಗದ ಮೇಲೆ ಮೂರಕ್ಕಿಂತ ಹೆಚ್ಚು ವಸ್ತುಗಳನ್ನು ಬಳಸಬಾರದು. ಸಂಭಾಷಣೆಯನ್ನು ಬರೆಯಕೂಡದು; ಕಥೆಯ ನಡೆಯನ್ನು ಮಾತ್ರ ಒಂದು ಹಾಳೆಯಲ್ಲಿ ಗುರುತುಹಾಕಿಕೊಳ್ಳಬಹುದು. ಕಡೆಯ ನಿಯಮವನ್ನು ಹಾಕಿದುದು ತತ್ತ್ವಕ್ಕಾಗಿಯಲ್ಲ. ಬರೆಯಲು ಕುಳಿತರೆ ಬಾಯಿಪಾಠ ಮಾಡಲು ಹೊತ್ತು ಸಾಲದೆಂಬ ಕಾರಣಕ್ಕಾಗಿ.

ದಿನದ ಹೊತ್ತು ಹೀಗೆ ಹಂಚಿಹೋಯಿತು. ಏಳರಿಂದ ಹತ್ತರವರೆಗೆ ಊರಿನ ತಿರುಗಾಟ. ಜಗಲಿಯಲ್ಲಿ ಕುಳಿತ ಹಿರಿಯರು, ಹಾಲಿನ ಡೈರಿಯ ಮುಂದೆ ನಿಂತವರು, ರೈಲುನಿಲ್ದಾಣದಲ್ಲಿ ಕಾದವರು, ನದಿಯಲ್ಲಿ ಬಟ್ಟೆ ಒಗೆಯುತ್ತಿದ್ದವರು, ಇವರೊಡನೆ ಮಾತುಕತೆ. ಹತ್ತರಿಂದ ಮಧ್ಯಾಹ್ನದ ಊಟದವರೆಗೆ ಕೇಳಿಬಂದುದರಲ್ಲಿ ಒಂದನ್ನು ಆರಿಸುವ ಚರ್ಚೆ. ನಾಲ್ಕು ಗುಂಪುಗಳಿಗೆ ಹೆಚ್ಚು ಹೊತ್ತು ಹಿಡಿದುದು ಈ ಆಯ್ಕೆಗೇ. ಊಟದ ತರುವಾಯ ಕಥೆಯನ್ನು ಮೂರು ಗಂಟುಗಳಿಗೆ ಇಳಿಸುವ ಕೆಲಸ: ಎಲ್ಲಿ ತೊಡಗುವುದು, ಎಲ್ಲಿ ತಿರುಗುವುದು, ಎಲ್ಲಿ ನಿಲ್ಲಿಸುವುದು. ನಾಲ್ಕು ಗಂಟೆಯ ಮೇಲೆ ಎರಡು ಸಲ ನಡೆಸಿ ನೋಡುವುದು. ಮೊದಲ ಸಲ ಎಲ್ಲವೂ ಇಪ್ಪತ್ತು ನಿಮಿಷಕ್ಕೆ ಹಿಗ್ಗಿದುವು. ಎರಡನೆಯ ಸಲ ಹತ್ತಕ್ಕೆ ಇಳಿದುವು. ಈ ಇಳಿಸುವಿಕೆಯಲ್ಲಿಯೇ ನಾಟಕವು ರೂಪುಗೊಂಡಿತೆಂದು ಹೇಳಬೇಕು. ರಾತ್ರಿ ಏಳೂವರೆಗೆ ಶಾಲೆಯ ಮುಂದಣ ಬಯಲಿನಲ್ಲಿ ಆಟ ತೊಡಗಿತು.

೪. ಐದು ನಾಟಕಗಳು

ಮೊದಲನೆಯದು ರೈಲುನಿಲ್ದಾಣದ ಕಟ್ಟೆಯ ಮೇಲೆ ನಡೆಯುವ ಹರಟೆ. ಎರಡನೆಯದು ನಾಲೆಯ ನೀರಿನ ಸರದಿಗಾಗಿ ಇಬ್ಬರು ದಾಯಾದಿಗಳು ರಾತ್ರಿಯೆಲ್ಲ ಎಚ್ಚರವಿದ್ದು, ಕೊನೆಗೆ ಇಬ್ಬರೂ ನಿದ್ದೆಹೋದ ಹಾಸ್ಯಪ್ರಸಂಗ. ಮೂರನೆಯದು ಕಬ್ಬು ಬೆಳೆದು ಕಟಾವಿನ ಸರದಿಗಾಗಿ ಕಾಯುತ್ತಿರುವ ರೈತನ ಮನೆ. ನಾಲ್ಕನೆಯದು ಕುಡಿತದ ಕೇಡನ್ನು ತೋರಿಸುವ ನೀತಿನಾಟಕ. ಐದನೆಯದು ಕೃಷ್ಣರಾಜಸಾಗರದ ನೀರು ಏರಿದಾಗ ಊರು ಬಿಟ್ಟ ಒಂದು ಕುಟುಂಬದ ಕಥೆ.

ಇವುಗಳಲ್ಲಿ ನಾಲ್ಕನೆಯದು ಸೋತಿತು. ಅದನ್ನು ಆಡಿದವರಲ್ಲಿ ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಎಲ್ಲರಿಗಿಂತ ಬೇಗ ಸಿದ್ಧರಾದವರೂ ಅವರೇ. ಆದರೆ ಅವರು ಊರಿನಿಂದ ಏನನ್ನೂ ತಂದಿರಲಿಲ್ಲ. ಬೇರೆ ಶಿಬಿರಗಳಲ್ಲಿ ಕಂಡಿದ್ದ ಕುಡುಕನನ್ನೂ ಅಳುವ ಹೆಂಡತಿಯನ್ನೂ ಹಾಗೆಯೇ ತಂದು ನಿಲ್ಲಿಸಿದರು. ಜನರು ಸಹನೆಯಿಂದ ನೋಡಿದರು, ಚಪ್ಪಾಳೆಯನ್ನೂ ತಟ್ಟಿದರು, ಆದರೆ ಯಾರೂ ಮಾತನಾಡಲಿಲ್ಲ. ಎರಡನೆಯ ನಾಟಕದ ವೇಳೆಯಲ್ಲಾದರೋ ಪ್ರೇಕ್ಷಕರು ನಟರಿಗಿಂತ ಹೆಚ್ಚಾಗಿ ಮಾತನಾಡಿದ್ದರು. ‘ತೂಬಿನ ಹತ್ರ ಮಲಗೋನು ಹಂಗೆ ಮಲಗಲ್ಲ’ ಎಂದು ಒಬ್ಬರು, ‘ಅವನ ಕೈಲಿ ಬ್ಯಾಟರಿ ಕೊಡ್ರಪ್ಪ’ ಎಂದು ಇನ್ನೊಬ್ಬರು ಕೂಗಿ ಹೇಳಿದರು. ಒಂದು ದಿನದ ನಾಟಕದ ಗುಣವನ್ನು ಅಳೆಯಲು ಇದೊಂದು ಒರೆಗಲ್ಲೆಂದು ನನಗೆ ತೋರಿತು. ನೋಡುವವನು ತಿದ್ದಲು ಬಾಯಿ ತೆರೆದರೆ ನಾಟಕವು ಅವನಿಗೆ ಸೇರಿದುದೆಂದು ಅರ್ಥ.

ಐದನೆಯ ನಾಟಕದಲ್ಲಿ ನಡೆದುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಗಂಡ, ಹೆಂಡತಿ, ಮುದಿತಾಯಿ, ಇಷ್ಟೇ ಪಾತ್ರಗಳು. ನೀರು ಬರುವುದೆಂದು ಡಂಗುರ ಕೇಳಿಸುತ್ತದೆ, ತಾಯಿ ನಂಬುವುದಿಲ್ಲ, ಮಗ ಒಂದು ಗಂಟನ್ನು ತಲೆಯ ಮೇಲಿಟ್ಟುಕೊಂಡು ಹೊರಡುತ್ತಾನೆ. ತಾಯಿಯು ಹಿಂತಿರುಗಿ ನೋಡುವಲ್ಲಿಗೆ ನಾಟಕವು ಮುಗಿಯಬೇಕಾಗಿತ್ತು. ಮಗನ ಪಾತ್ರದ ಹುಡುಗನು ಗಂಟು ಹೊತ್ತು ನಾಲ್ಕು ಹೆಜ್ಜೆ ನಡೆದಿದ್ದನು. ಹೆಂಗಸರ ನಡುವೆ ಕುಳಿತಿದ್ದ ವೃದ್ಧೆಯೊಬ್ಬರು ಗಟ್ಟಿಯಾಗಿ ನುಡಿದರು: ‘ಬರೀ ಗಂಟಲ್ಲ ಕಣಪ್ಪ. ಬಾಗ್ಲುವಾಡ ಕಿತ್ಕೊಂಡು ಗಾಡಿ ಮೇಲೆ ಹಾಕ್ಕೊಂಡು ಬಂದ್ರಂತೆ. ನಮ್ಮವ್ವ ಯೋಳೋಳು.’

ಹುಡುಗನು ನಿಂತನು. ಕ್ಷಣಕಾಲ ಏನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ಆಮೇಲೆ ಗಂಟನ್ನು ಕೆಳಗಿಟ್ಟು, ‘ಹಂಗೇ ಆಗ್ಲಿ ಅವ್ವಾ’ ಎಂದು ಹೇಳಿ ಹಿಂದಕ್ಕೆ ಹೋದನು. ಹೆಂಡತಿಯ ಪಾತ್ರದ ಹುಡುಗಿಯನ್ನು ಕರೆದು, ಇಬ್ಬರೂ ಸೇರಿ ಇಲ್ಲದ ಬಾಗಿಲುವಾಡವನ್ನು ಗೋಡೆಯಿಂದ ಬಿಡಿಸಿ, ಭಾರವಾದುದನ್ನು ಹೊರುವವರಂತೆ ಬಾಗಿ ಹೊತ್ತು ತಂದು, ಬಯಲಿನ ನಡುವೆ ನಿಲ್ಲಿಸಿದರು. ಮುದಿತಾಯಿಯ ಪಾತ್ರದ ಹುಡುಗಿ ಆ ಇಲ್ಲದ ಬಾಗಿಲಿನ ಮುಂದೆ ನಿಂತು, ಒಳಗೆ ಕಾಲಿಡಲೋ ಬೇಡವೋ ಎಂಬಂತೆ ನೋಡಿದಳು. ಹಂದರದ ಹಾಳೆಯಲ್ಲಿ ಇದಾವುದೂ ಇರಲಿಲ್ಲ. ನಾಟಕವು ಅಲ್ಲಿಗೆ ನಿಂತಿತು. ಮುಂದೇನು ಮಾಡಬೇಕೆಂದು ಆಡುವವರಿಗೂ ತಿಳಿದಿರಲಿಲ್ಲ. ಬೇರೇನೂ ಬೇಕಾಗಿಯೂ ಇರಲಿಲ್ಲ.

೫. ಇತಿಹಾಸದ ದೃಷ್ಟಿಯಿಂದ

ಕೃಷ್ಣರಾಜಸಾಗರದ ನಿರ್ಮಾಣವು ೧೯೧೧ರಲ್ಲಿ ತೊಡಗಿ ಸುಮಾರು ೧೯೩೨ರ ಹೊತ್ತಿಗೆ ಮುಗಿಯಿತು. ಅಣೆಕಟ್ಟೆಯ ಇತಿಹಾಸಕ್ಕೆ ಲಿಖಿತ ಸಾಮಗ್ರಿಯ ಕೊರತೆಯಿಲ್ಲ. ಎಂಜಿನಿಯರುಗಳ ವರದಿಗಳು, ಸರ್ಕಾರದ ಆಜ್ಞೆಗಳು, ಮದರಾಸು ಮತ್ತು ಮೈಸೂರುಗಳ ನಡುವಣ ನೀರಿನ ವಾದದ ಕಾಗದಪತ್ರಗಳು ಇವೆ. ಮುಳುಗಿದ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಈಚಿನ ವರ್ಷಗಳಲ್ಲಿ ಕಲ್ಲುಕಲ್ಲಾಗಿ ಬಿಚ್ಚಿ ತಂದು ಹಿನ್ನೀರಿನ ದಡದ ಹೊಸಕನ್ನಂಬಾಡಿಯಲ್ಲಿ ಮರಳಿ ಕಟ್ಟಲಾಗಿದೆ. ಆ ಕಲ್ಲುಗಳಿಗೆ ಲೆಕ್ಕವಿತ್ತು. ಒಂದು ಸಂಸಾರವು ತನ್ನ ಬಾಗಿಲುವಾಡವನ್ನು ಕಿತ್ತು ಗಾಡಿಯ ಮೇಲೆ ಹೇರಿದ ಸಂಗತಿ ಯಾವ ಲೆಕ್ಕದಲ್ಲಿ ಬರಬೇಕು?

ಇಲ್ಲಿ ಎಚ್ಚರಿಕೆಯಿಂದ ಮಾತನಾಡಬೇಕು. ವೃದ್ಧೆಯ ಮಾತು ತಾಯಿಯಿಂದ ಕೇಳಿದುದು. ಯಾವ ಊರು, ಯಾವ ವರ್ಷ ಎಂಬುದು ಅದರಲ್ಲಿಲ್ಲ. ಅದೊಂದನ್ನೇ ಆಧಾರವಾಗಿಟ್ಟುಕೊಂಡು ಮುಳುಗಡೆಯ ಜನರ ನಡವಳಿಕೆಯನ್ನು ನಿರ್ಣಯಿಸುವುದು ವಿಹಿತವಲ್ಲ. ಅದು ಘಟನೆಗೆ ಸಾಕ್ಷ್ಯವೆನ್ನುವುದಕ್ಕಿಂತ ನೆನಪಿಗೆ ಸಾಕ್ಷ್ಯವೆನ್ನುವುದು ಸರಿ. ಆದರೆ ಶೋಧನೆಗೆ ಒಂದು ಪ್ರಶ್ನೆಯನ್ನು ಒದಗಿಸುವ ಶಕ್ತಿ ಅದಕ್ಕಿದೆ. ಪುನರ್ವಸತಿಯ ಊರುಗಳ ಹಳೆಯ ಮನೆಗಳಲ್ಲಿ, ಮನೆಗಿಂತ ಹಳೆಯದಾದ ಬಾಗಿಲುವಾಡಗಳಿವೆಯೆ? ಇದು ಹೋಗಿ ನೋಡಬಹುದಾದ, ಅಳೆಯಬಹುದಾದ ವಿಷಯ. ಮೂರು ಗಂಟೆಗಳ ಕಾಲ ಊರಿನಲ್ಲಿ ತಿರುಗಿ ಪ್ರಶ್ನೆ ಕೇಳಿದ ವಿದ್ಯಾರ್ಥಿಗಳಿಗೆ ಈ ಮಾತು ದೊರೆತಿರಲಿಲ್ಲ. ಕೇಳಿದಾಗ ಬಾರದ ನೆನಪು, ತಪ್ಪನ್ನು ಕಂಡಾಗ ಬಂದಿತು.

ಇನ್ನು ನನ್ನ ತಪ್ಪನ್ನು ಹೇಳಬೇಕು. ಆ ರಾತ್ರಿ ನಾನು ಅದನ್ನು ಬರೆದುಕೊಳ್ಳಲಿಲ್ಲ. ಊಟ, ಮರುದಿನದ ಕೆಲಸದ ಏರ್ಪಾಡು, ಹೀಗೆ ಹೊತ್ತು ಕಳೆಯಿತು. ಎರಡು ದಿನಗಳ ಮೇಲೆ ಬರೆಯಲು ಕುಳಿತಾಗ ಮಾತಿನ ಕ್ರಮವು ಸಂದೇಹಕ್ಕೆಡೆಯಾಯಿತು. ವಿದ್ಯಾರ್ಥಿಗಳನ್ನು ವಿಚಾರಿಸಿದರೆ ಒಬ್ಬನು ಬಾಗಿಲುವಾಡವೆಂದೂ, ಇನ್ನೊಬ್ಬಳು ಬಾಗಿಲು ಮತ್ತು ತೊಲೆಗಳೆಂದೂ, ಮತ್ತೊಬ್ಬನು ಹೊಸಿಲೆಂದೂ ಹೇಳಿದರು. ಮೇಲೆ ಕೊಟ್ಟಿರುವ ಮಾತುಗಳು ನನ್ನ ನೆನಪಿನವು. ಅಕ್ಷರಶಃ ಇವೇ ಎಂದು ಪ್ರಮಾಣಮಾಡಲಾರೆ. ವೃದ್ಧೆಯ ಹೆಸರನ್ನೂ ಕೇಳಿರಲಿಲ್ಲ. ಮಾರನೆಯ ವರ್ಷ ಅದಕ್ಕಾಗಿಯೇ ಹೋದಾಗ, ಆಕೆ ತೀರಿಕೊಂಡರೆಂದು ತಿಳಿಯಿತು. ಶಾಸನದ ಪಡಿಯಚ್ಚು ತೆಗೆಯುವಾಗ ಒಂದು ಅಕ್ಷರ ಬಿಟ್ಟುಹೋದರೆ ಮರಳಿ ಹೋಗಿ ನೋಡಬಹುದು. ಇಲ್ಲಿ ಹಾಗೆ ಮಾಡುವಂತಿಲ್ಲ.

ಈ ನಷ್ಟ ನನ್ನೊಬ್ಬನದಲ್ಲ, ನಮ್ಮ ನಾಟಕಚರಿತ್ರೆಯಲ್ಲಿಯೇ ಇದೆ. ಕನ್ನಡದಲ್ಲಿ ಇಂದು ದೊರೆಯುವ ಮೊದಲ ನಾಟಕವೆಂದರೆ ಸಿಂಗರಾರ್ಯನ ಮಿತ್ರವಿಂದಾಗೋವಿಂದ. ಶ್ರೀಹರ್ಷನ ರತ್ನಾವಳಿಯ ಜಾಡಿನಲ್ಲಿ ರಚಿತವಾದ ಈ ಕೃತಿಯು ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ, ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ, ಎಂದರೆ ನಮ್ಮ ಈ ಸೀಮೆಯ ಶ್ರೀರಂಗಪಟ್ಟಣವು ರಾಜಧಾನಿಯಾಗಿದ್ದ ಕಾಲದಲ್ಲಿ ಹುಟ್ಟಿತು. ಅದಕ್ಕೆ ಮೊದಲಿನ ಹಲವು ಶತಮಾನಗಳ ಕನ್ನಡ ಸಾಹಿತ್ಯದಲ್ಲಿ ನಾಟಕವೇಕಿಲ್ಲ ಎಂಬ ಪ್ರಶ್ನೆಯನ್ನು ವಿದ್ವಾಂಸರು ಬಹಳವಾಗಿ ಚರ್ಚಿಸಿದ್ದಾರೆ. ಬರೆದ ನಾಟಕವಿಲ್ಲವೆಂಬುದು ಆಡಿದ ನಾಟಕವಿಲ್ಲವೆಂಬುದಕ್ಕೆ ಪ್ರಮಾಣವಾಗಲಾರದು. ಕುರುಗೋಡಿನ ತಾಳಮದ್ದಳೆಯವರು ಸಿಂಗರಾರ್ಯನಿಗಿಂತ ಒಂದು ಶತಮಾನಕ್ಕೂ ಮಿಕ್ಕಿ ಮೊದಲೇ ಭೂಮಿಯನ್ನು ಪಡೆಯುವಷ್ಟು ಮನ್ನಣೆ ಗಳಿಸಿದ್ದರು. ಅವರ ಕೃತಿಗಳು ಆಡಿದ ರಾತ್ರಿಯಲ್ಲೇ ಮುಗಿದುಹೋದುವು. ದಾಖಲೆಯ ಮೌನವನ್ನು ವಸ್ತುವಿನ ಅಭಾವವೆಂದು ಎಣಿಸಬಾರದೆಂಬ ಪಾಠವನ್ನು ಇತಿಹಾಸದ ವಿದ್ಯಾರ್ಥಿಗೆ ಇದಕ್ಕಿಂತ ಚೆನ್ನಾಗಿ ಕಲಿಸುವ ನಿದರ್ಶನ ಅಪೂರ್ವ.

೬. ದಾಖಲೆಯ ಕ್ರಮ

ಹಾಗಾದರೆ ಇಂಥ ನಾಟಕಗಳನ್ನು ಬರೆದಿಡುವುದು ಹೇಗೆ? ಮಾತುಮಾತನ್ನೂ ಬರೆದು ಅಚ್ಚುಹಾಕಿದರೆ ಅದು ಮುಗಿದ ನಾಟಕವಾಗಿಬಿಡುತ್ತದೆ. ಮುಂದಿನ ಊರಿನಲ್ಲಿ ಅದನ್ನು ಬಾಯಿಪಾಠ ಮಾಡಿ ಆಡುವರು. ತಿದ್ದುವ ಅವಕಾಶ ಹೋಗುವುದು. ಏನನ್ನೂ ಬರೆಯದಿದ್ದರೆ ಮೇಲೆ ಹೇಳಿದ ಗತಿ. ಇವೆರಡರ ನಡುವೆ ಒಂದು ಹಾದಿಯಿದೆ. ೧೬೧೧ರಲ್ಲಿ ಇಟಲಿಯ ಫ್ಲಾಮಿನಿಯೋ ಸ್ಕಾಲಾ ಎಂಬ ನಟನು ತನ್ನ ಕಾಲದ ಆಶುನಾಟಕಗಳ ಐವತ್ತು ಹಂದರಗಳನ್ನು ಅಚ್ಚುಹಾಕಿಸಿದನು. ಅದರಲ್ಲಿ ಸಂಭಾಷಣೆಯಿಲ್ಲ, ಯಾರು ಬರುತ್ತಾರೆ, ಏನು ನಡೆಯುತ್ತದೆ, ಯಾರು ಹೋಗುತ್ತಾರೆ ಎಂಬುದಷ್ಟೇ ಇದೆ. ಆ ರಂಗಭೂಮಿಯ ವಿಷಯದಲ್ಲಿ ಇಂದಿನವರಿಗೆ ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಇಂಥ ಹಂದರಗಳ ಉಪಕಾರ. ನಮ್ಮಲ್ಲಿಯೇ ನೋಡಿದರೆ ಟಿ.ಪಿ. ಕೈಲಾಸಂ (೧೮೮೪–೧೯೪೬) ಅವರು ತಮ್ಮ ನಾಟಕಗಳನ್ನು ತಾವೇ ಕುಳಿತು ಬರೆದುದಕ್ಕಿಂತ ಬಾಯಿಂದ ಹೇಳಿ ಬರೆಯಿ​ಸಿದುದೇ ಹೆಚ್ಚು. ಪಕ್ಕದಲ್ಲಿ ಬರೆದುಕೊಳ್ಳುವವರು ಇದ್ದುದರಿಂದ ಅವು ನಮಗೆ ಉಳಿದುವು.

ನಮ್ಮ ಕಾಲೇಜುಗಳ ಶಿಬಿರಗಳಲ್ಲಿ ಪ್ರತಿ ವರ್ಷವೂ ಇಂಥ ಕಿರುನಾಟಕಗಳು ಹುಟ್ಟಿ ಅದೇ ರಾತ್ರಿ ಇಲ್ಲವಾಗುತ್ತಿವೆ. ಪ್ರತಿ ನಾಟಕಕ್ಕೆ ಒಂದು ಹಾಳೆ ಸಾಕು. ಅದರಲ್ಲಿ ಐದು ಸಂಗತಿಗಳಿದ್ದರೆ ಸಾಕೆಂದು ನನ್ನ ಅನುಭವ. ಒಂದು, ಆಡಿದ ಊರು, ಸ್ಥಳ, ದಿನ. ಎರಡು, ಕಥೆಯ ಹಂದರ. ಮೂರು, ಆ ಕಥೆಯು ಯಾರ ಬಾಯಿಂದ, ಯಾವ ಸಂದರ್ಭದಲ್ಲಿ ದೊರೆಯಿತು ಎಂಬುದು. ಹೇಳಿದವರು ಒಪ್ಪಿದರೆ ಅವರ ಹೆಸರು. ನಾಲ್ಕು, ಹಂದರಕ್ಕೂ ಆಟಕ್ಕೂ ಇದ್ದ ವ್ಯತ್ಯಾಸಗಳು. ಐದು, ನೋಡುವವರು ಆಡಿದ ಮಾತುಗಳು, ಅವರ ನುಡಿಯಲ್ಲಿಯೇ, ತಿದ್ದದೆ. ಈ ಐದನೆಯದನ್ನು ಅದೇ ರಾತ್ರಿ, ಮಲಗುವ ಮೊದಲು ಬರೆಯತಕ್ಕದ್ದು. ಈಗ ಧ್ವನಿಯನ್ನು ಮುದ್ರಿಸುವ ಉಪಕರಣವು ಪ್ರತಿಯೊಬ್ಬ ವಿದ್ಯಾರ್ಥಿಯ ಕಿಸೆಯಲ್ಲಿಯೂ ಇರುವುದರಿಂದ ಕೆಲಸವು ಇನ್ನೂ ಸುಲಭ. ಆದರೂ ಕೂಗಿದವರು ಯಾರು, ಯಾವ ಮಾತಿಗೆ ಪ್ರತಿಯಾಗಿ ಕೂಗಿದರು ಎಂಬುದನ್ನು ಮುದ್ರಣವು ತಾನಾಗಿ ಹೇಳಲಾರದು. ಅದನ್ನು ಮನುಷ್ಯನೇ ಗುರುತಿಸಬೇಕು.

ಆ ಶಿಬಿರದ ತರುವಾಯ ನಡೆದ ಶಿಬಿರಗಳಲ್ಲಿ ಈ ಕ್ರಮವನ್ನು ಅನುಸರಿಸುತ್ತ ಬಂದಿದ್ದೇನೆ. ಹಾಳೆಗಳು ಇನ್ನೂ ಕೆಲವೇ. ಅವುಗಳಿಂದ ನಿರ್ಣಯಗಳನ್ನು ಹೊರಡಿಸುವ ಕಾಲ ಬಂದಿಲ್ಲ. ಇತರ ಕಾಲೇಜುಗಳ ಮಿತ್ರರೂ ತಮ್ಮ ತಮ್ಮ ಶಿಬಿರದ ಊರುಗಳಲ್ಲಿ ಇದನ್ನು ಪ್ರಯೋಗಿಸಿ ನೋಡಿ, ಹಾಳೆಗಳನ್ನು ವಿಭಾಗಕ್ಕೆ ಕಳುಹಿಸಿಕೊಟ್ಟರೆ, ಕೆಲವು ವರ್ಷಗಳಲ್ಲಿ ಒಂದು ಉಪಯುಕ್ತವಾದ ಸಂಗ್ರಹವಾದೀತು. ಕೃಷ್ಣರಾಜಸಾಗರದ ಸುತ್ತಿನ ಪುನರ್ವಸತಿ ಗ್ರಾಮಗಳಿಗೆ ಹೋಗುವವರು, ಅಲ್ಲಿನ ಹಳೆಯ ಮನೆಗಳ ಬಾಗಿಲುವಾಡಗಳನ್ನು ಒಮ್ಮೆ ಗಮನವಿಟ್ಟು ನೋಡಿ ತಿಳಿಸಬೇಕೆಂದು ವಿಶೇಷವಾಗಿ ಪ್ರಾರ್ಥಿಸುತ್ತೇನೆ.